ಸುಡದೆಯೂ ತಿಳಿಯಿತು ಮದ್ದಿನ ಗುಟ್ಟು!

ದೀಪಾವಳಿಯ ಮರುದಿನ ಬೆಳಗಿನ ಆರು ಗಂಟೆ. ಯರಗಟ್ಟಿಯ ಒಂದು ಓಣಿ. ರಾತ್ರಿಯ ಮದ್ದಿನ ವಾಸನೆ ಇನ್ನೂ ಹೋಗಿಲ್ಲ. ಅಂಗಳದ ತುಂಬ ಕೆಂಪು ಕಾಗದದ ಚೂರು. ಅದರ ನಡುವೆ ಕುಕ್ಕರಗಾಲಲ್ಲಿ ಕೂತ ಒಬ್ಬ ಹುಡುಗ! ಬತ್ತಿ ಅರ್ಧ ಸುಟ್ಟು ನಿಂತುಹೋದ ಪಟಾಕಿಗಳನ್ನು ಆರಿಸಿ ಅಂಗಿಯ ಉಡಿಗೆ ಹಾಕಿಕೊಳ್ಳುತ್ತಿದ್ದಾನೆ. ಆಗಲೇ ಹನ್ನೊಂದು ಸಿಕ್ಕಿವೆ.

"ಕಾಕಾ, ಇದರಾಗ ಯಾವು ಹಾರ್ತಾವ, ಯಾವು ಠುಸ್ ಅಂತಾವ?"

"ಹಚ್ಚಿ ನೋಡಪಾ, ಗೊತ್ತಾಗ್ತೈತಿ."

ದಡ್ಡನನ್ನು ನೋಡುವ ಹಾಗೆ ನನ್ನನ್ನು ನೋಡಿದ.

"ಹಚ್ಚಿದ್ರ ಮುಗದ ಹೋತಲ್ಲ! ಹಚ್ಚಲಾರದ ಹೇಳ್ರಿ."

ನಾನು ನಕ್ಕುಬಿಟ್ಟೆ. ನಗಬಾರದಿತ್ತು! ಹುಡುಗ ಕೇಳಿದ್ದು ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರದ ಅತಿ ವಿಚಿತ್ರ ಒಗಟುಗಳಲ್ಲಿ ಒಂದನ್ನು. ಅದು ಅವನಿಗೂ ಗೊತ್ತಿರಲಿಲ್ಲ, ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ. ಮನೆಗೆ ಬಂದು ಚಹಾ ಕುಡಿಯುವಾಗ ತಲೆಯೊಳಗೆ ಫಕ್ಕನೆ ದೀಪ ಹೊತ್ತಿತು. ಅಲ್ಲ, ಇದಕ್ಕೆ ಉತ್ತರ ಇದೆಯಲ್ಲ! ಹಚ್ಚದೇ ಹೇಳಬಹುದು! ಮುಟ್ಟದೇ ಹೇಳಬಹುದು!

ನಂಬಿಕೆ ಬರುತ್ತಿಲ್ಲ ಅಲ್ಲವೇ? ತಾಳಿ. ಮೊದಲು ಕಿತ್ತೂರಿಗೆ ಹೋಗಿಬರೋಣ.

1824ರ ಅಕ್ಟೋಬರ್ 23. ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಿದ್ದ. ಕಂಪನಿಯ ಪಡೆ ಓಡಿತು. ರಾಣಿ ಚೆನ್ನಮ್ಮ ಗೆದ್ದಳು! ಆದರೆ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ಕಟ್ಟಿಕೊಂಡು ಮತ್ತೆ ಬಂದರು. ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು, 1829ರಲ್ಲಿ ಅಲ್ಲೇ ಕಣ್ಣುಮುಚ್ಚಿದಳು.

ಕೋಟೆ ಯಾಕೆ ಬಿತ್ತು? ನಮ್ಮ ಕಡೆ ಯಾವ ಕಟ್ಟೆಯ ಮೇಲೆ ಕೇಳಿದರೂ ಒಂದೇ ಕತೆ ಹೇಳುತ್ತಾರೆ. ಒಳಗಿನವರೇ ತೋಪಿನ ಮದ್ದಿಗೆ ಸಗಣಿ ಬೆರೆಸಿದ್ದರಂತೆ. ಕಿಡಿ ಹಚ್ಚಿದರೆ ತೋಪು ಠುಸ್! ಇದು ದಾಖಲೆಯೋ ಬರೀ ಕತೆಯೋ ಎಂಬ ಜಗಳವನ್ನು ಇತಿಹಾಸಕಾರರಿಗೆ ಬಿಡೋಣ. ನನಗೆ ಬೇಕಾದದ್ದು ಆ ಮದ್ದಿನ ಕೋಣೆ ಮಾತ್ರ.

ಈಗ ನೀವೇ ಆ ಕೋಣೆಯ ಕಾವಲುಗಾರ. ಮುಂದೆ 100 ಚೀಲ ಮದ್ದು. 60 ಅಸಲಿ, 40 ಸಗಣಿ ಬೆರೆತದ್ದು. ಯಾವುದು ಯಾವುದೆಂದು ಗೊತ್ತಿಲ್ಲ. ನಾಳೆ ಬೆಳಗಾದರೆ ಯುದ್ಧ. "ಖಾತ್ರಿ ಇರೋ ಚೀಲ ಮಾತ್ರ ಬುರುಜಿಗೆ ಕಳಸು" ಎಂದು ಅಪ್ಪಣೆಯಾಗಿದೆ.

ಇನ್ನೊಂದು ಕಠಿಣ ಷರತ್ತು. ಇದು ಒಗಟಿನ ಲೋಕದ ಮದ್ದು. ಅಸಲಿ ಚೀಲಕ್ಕೆ ಬೆಳಕಿನ ಒಂದೇ ಒಂದು ಕಣ ತಾಗಿದರೂ ಸಾಕು, ಢಮಾರ್! ಹುಸಿ ಚೀಲಕ್ಕೆ ಬೆಳಕು ಬಿದ್ದರೆ ಗಾಜಿನೊಳಗೆ ಹಾದಂತೆ ಸುಮ್ಮನೆ ಹಾದುಹೋಗುತ್ತದೆ. (ನಿಜವಾದ ತೋಪಿನ ಮದ್ದು ಇಷ್ಟು ಸೂಕ್ಷ್ಮವಲ್ಲ. ಹಾಗಿದ್ದರೆ ಕಿತ್ತೂರಿನಲ್ಲಿ ಸೂರ್ಯ ಹುಟ್ಟಿದ ಕೂಡಲೇ ಯುದ್ಧ ಮುಗಿಯುತ್ತಿತ್ತು.)

ಕತ್ತಲೆ ಕೋಣೆ. ನೋಡುವಂತಿಲ್ಲ, ಏಕೆಂದರೆ ನೋಡುವುದಕ್ಕೂ ಬೆಳಕು ಬೇಕು! ಮೂಸುವಂತಿಲ್ಲ, ಅಲುಗಾಡಿಸುವಂತಿಲ್ಲ. 60 ಅಸಲಿ ಚೀಲಗಳಲ್ಲಿ ಎಷ್ಟನ್ನು ಸಿಡಿಯದಂತೆ ಗುರುತು ಹಿಡಿದು ಬುರುಜಿಗೆ ಕಳಿಸುತ್ತೀರಿ?

ಹೇಳಿ! ಒಂದು ಸಂಖ್ಯೆ ಹೇಳಿ!

ಸೊನ್ನೆ ಎಂದಿರಾ? ನಾನೂ ಅದನ್ನೇ ಹೇಳಿದ್ದೆ. ತರ್ಕ ಅದನ್ನೇ ಹೇಳುತ್ತದೆ. ಮುಟ್ಟಿದರೆ ಸಿಡಿಯುತ್ತದೆ, ಮುಟ್ಟದಿದ್ದರೆ ತಿಳಿಯುವುದಿಲ್ಲ. ಮೂರನೆಯ ದಾರಿ ಎಲ್ಲಿದೆ?

ಇದೆ! 1993ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಅವ್ಶಾಲೋಮ್ ಎಲಿಟ್ಸೂರ್ ಮತ್ತು ಲೆವ್ ವೈಡ್ಮನ್ ಆ ಮೂರನೆಯ ದಾರಿ ತೋರಿಸಿದರು. ಅವರ ಒಗಟಿನಲ್ಲಿದ್ದದ್ದು ಬಾಂಬು. ಕಿತ್ತೂರಿನ ಮದ್ದಿನ ಚೀಲ ನಾನು ತಂದು ಇಟ್ಟದ್ದು. ಹೂರಣ ಅದೇ.

ದಾರಿ ಎಂದೆನಲ್ಲ, ಈಗ ಯರಗಟ್ಟಿ ಕ್ರಾಸಿಗೆ ಬನ್ನಿ. ಸವದತ್ತಿ ಕಡೆಯಿಂದ ಒಂದು ಕೆಂಪು ಬಸ್ಸು ಬಂತು. ಇಲ್ಲಿಂದ ಬೆಳಗಾವಿ ರಸ್ತೆಗೂ ಹೊರಳಬಹುದು, ಗೋಕಾಕ ರಸ್ತೆಗೂ ಹೋಗಬಹುದು. ಬೆಳಗಾವಿ ರಸ್ತೆ ಹಿಡಿಯಿತು ಎನ್ನಿ. ಗೋಕಾಕ ರಸ್ತೆಯಲ್ಲಿ ಮರ ಬಿದ್ದಿದೆಯೋ ಇಲ್ಲವೋ, ಬೆಳಗಾವಿಗೆ ಹೋಗಿ ಇಳಿದ ಪ್ರಯಾಣಿಕನಿಗೆ ಗೊತ್ತಾಗುತ್ತದೆಯೇ? ಅವನ ಅಂಗಿಯ ಮೇಲೆ ಆ ಮರದ ಎಲೆ ಅಂಟಿಕೊಂಡು ಬರುತ್ತದೆಯೇ?

ಛೆ, ಎಲ್ಲಾದರೂ ಉಂಟೇ!

ಬೆಳಕಿನ ಕಣಕ್ಕೆ ಉಂಟು! ಹಿಡಿಯದ ರಸ್ತೆಯ ಎಲೆ ಅದರ ಅಂಗಿಗೆ ಅಂಟುತ್ತದೆ!

ಹೇಗೆ? ಒಂದು ಗಾಜು ತೆಗೆದುಕೊಳ್ಳಿ. ಅರ್ಧ ಬೆಳಕನ್ನು ನೇರ ಬಿಡುವ, ಅರ್ಧವನ್ನು ಪಕ್ಕಕ್ಕೆ ತಿರುಗಿಸುವ ಗಾಜು. ಅರೆಗನ್ನಡಿ ಎನ್ನೋಣ. ಇದೇ ನಮ್ಮ ಕ್ರಾಸು. ಇಲ್ಲಿಂದ ಹೊರಟ ಎರಡು ದಾರಿಗಳನ್ನು ಸಾದಾ ಕನ್ನಡಿಗಳಿಂದ ತಿರುಗಿಸಿ ಮುಂದೆ ಮತ್ತೆ ಒಂದು ಕಡೆ ಕೂಡಿಸಿ. ಕೂಡುವ ಜಾಗದಲ್ಲಿ ಎರಡನೆಯ ಅರೆಗನ್ನಡಿ. ಅದರ ಆಚೆ ಎರಡು ಗಂಟೆ. ಒಂದು ಬಲಗಡೆ, ಒಂದು ಎಡಗಡೆ. ಬೆಳಕಿನ ಕಣ ಬಂದು ಬಡಿದರೆ ಠಣ್!

ಈಗ ಒಂದೊಂದೇ ಕಣ ಬಿಡಿ. ಒಂದು ಬಿಟ್ಟು, ಅದು ಮುಟ್ಟಿದ ಮೇಲೆ ಇನ್ನೊಂದು. ಯಾವ ಗಂಟೆ ಬಾರಿಸುತ್ತದೆ? ಅರ್ಧ ಸಲ ಎಡ, ಅರ್ಧ ಸಲ ಬಲ?

ಅಲ್ಲ! ಸದಾ ಬಲಗಂಟೆ! ಸಾವಿರ ಬಿಡಿ, ಸಾವಿರವೂ ಬಲಗಂಟೆಗೇ! ಎಡಗಂಟೆ ಮೂಕ!

ಕಾರಣ ಬೇಕೇ? ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿ ನಿಂತು ಎರಡು ಕಲ್ಲನ್ನು ಒಟ್ಟಿಗೆ ಎಸೆಯಿರಿ. ಎರಡು ಅಲೆ ಹೊರಡುತ್ತವೆ. ಕೆಲವು ಕಡೆ ಕೂಡಿ ಎತ್ತರವಾಗುತ್ತವೆ. ಕೆಲವು ಕಡೆ ಒಂದರ ಉಬ್ಬು ಇನ್ನೊಂದರ ತಗ್ಗನ್ನು ತುಂಬಿ ನೀರು ಸಪಾಟು. ಬೆಳಕೂ ಹಾಗೇ. ಎರಡೂ ದಾರಿಯ ಅಲೆಗಳು ಬಲಗಡೆ ಕೂಡುತ್ತವೆ, ಎಡಗಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂಟಿ ಕಣವೂ ಅಲೆಯಾಗಿ ಎರಡೂ ದಾರಿಗೆ ಇಣುಕಿರುತ್ತದೆ. ಇಷ್ಟು ನೆನಪಿಟ್ಟುಕೊಳ್ಳಿ ಸಾಕು: ಎರಡೂ ದಾರಿ ತೆರೆದಿದ್ದರೆ ಎಡಗಂಟೆ ಎಂದಿಗೂ ಬಾರಿಸದು.

ಈಗ ಒಂದು ದಾರಿಯಲ್ಲಿ ಮದ್ದಿನ ಚೀಲ ಇಡಿ. ಉಸಿರು ಬಿಗಿಹಿಡಿಯಿರಿ!

ಚೀಲ ಹುಸಿಯೇ? ಬೆಳಕಿಗೆ ಅದು ಇದ್ದೂ ಇಲ್ಲದಂತೆ. ಎರಡೂ ದಾರಿ ತೆರೆದೇ ಇವೆ. ಬಲಗಂಟೆ.

ಚೀಲ ಅಸಲಿಯೇ? ಒಂದು ದಾರಿ ಕಟ್ಟಿತು. ಅರ್ಧ ಸಲ ಕಣ ಚೀಲಕ್ಕೇ ಹೋಗಿ ಬಡಿಯುತ್ತದೆ. ಢಮಾರ್. ಉಳಿದರ್ಧ ಸಲ ಇನ್ನೊಂದು ದಾರಿಯಿಂದ ಒಂಟಿಯಾಗಿ ಬರುತ್ತದೆ. ಅದನ್ನು ಅಳಿಸಲು ಜೊತೆಯ ಅಲೆಯೇ ಇಲ್ಲ! ಹಾಗಾಗಿ ಎರಡನೆಯ ಅರೆಗನ್ನಡಿಯಲ್ಲಿ ಅದು ಎಡಕ್ಕೂ ಹೊರಳಬಹುದು, ಬಲಕ್ಕೂ ಹೊರಳಬಹುದು.

ಮತ್ತೆ ಅದೇ ಕೋಣೆ. ಕತ್ತಲೆ. ಸ್ಫೋಟ ಇಲ್ಲ. ಮೌನ. ಆಮೇಲೆ...

ಠಣ್! ಎಡಗಂಟೆ!

ಎಂದೂ ಬಾರಿಸದ ಎಡಗಂಟೆ! ಅರ್ಥವಾಯಿತೇ? ದಾರಿ ಕಟ್ಟಿದ್ದಕ್ಕೇ ಅದು ಬಾರಿಸಿತು. ದಾರಿ ಕಟ್ಟಿದೆ ಎಂದರೆ ಚೀಲ ಅಸಲಿ. ಆದರೆ ಚೀಲ ಸಿಡಿದಿಲ್ಲ, ಎಂದರೆ ಕಣ ಅದನ್ನು ತಾಗಿಯೇ ಇಲ್ಲ! ತಾಗದ ಕಣ ಬಂದು ಹೇಳುತ್ತಿದೆ: ನಾನು ಆ ದಾರಿ ಹಿಡಿದಿದ್ದರೆ ಸಿಡಿಯುತ್ತಿತ್ತು, ಎತ್ತಿಕೊಂಡು ಹೋಗಿ ಬುರುಜಿಗೆ!

ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಎರಡು ಸುತ್ತು ಹಾಕಿದ್ದೇನೆ. ಆಗದೆ ಹೋದ ಒಂದು ಸ್ಫೋಟ, ಅದರ ಸುದ್ದಿ ಆಗಿಹೋದ ಒಂದು ಗಂಟೆಯ ಸದ್ದಿನಲ್ಲಿ!

ಲೆಕ್ಕ ಮುಗಿಸೋಣ. ಅಸಲಿ ಚೀಲದ ಮುಂದೆ ನೂರಕ್ಕೆ 50 ಸಲ ಸ್ಫೋಟ, 25 ಸಲ ಬಲಗಂಟೆ, 25 ಸಲ ಎಡಗಂಟೆ. ಬಲಗಂಟೆ ಬಾರಿಸಿದರೆ ಏನೂ ಹೇಳಲಾಗದು, ಹುಸಿ ಚೀಲಕ್ಕೂ ಅದೇ ಗಂಟೆ. ಇನ್ನೊಂದು ಕಣ ಬಿಟ್ಟರಾಯಿತು. ಹೀಗೆ ಬಿಡುತ್ತ ಹೋದರೆ ಅಸಲಿ ಚೀಲಗಳಲ್ಲಿ ಸರಿಯಾಗಿ ಮೂರರಲ್ಲೊಂದು ಪಾಲು ಉಳಿಯುತ್ತದೆ.

60ರಲ್ಲಿ 20!

ಸೊನ್ನೆ ಎಂದಿದ್ದಿರಿ. ಇಪ್ಪತ್ತು ಚೀಲ ಖಾತ್ರಿ ಮದ್ದು ಬುರುಜಿಗೆ ಹೋಯಿತು!

"ಉಳಿದ 40 ಅಸಲಿ ಚೀಲ ಹಾರಿಹೋದವಲ್ಲ?" ಎನ್ನುತ್ತೀರಿ. ಸರಿ, ನನಗೂ ಅದೇ ಸಂಕಟ. ಆದರೆ ಕತೆ ಇಲ್ಲಿಗೆ ನಿಂತಿಲ್ಲ.

1995ರಲ್ಲಿ ಪಾಲ್ ಕ್ವಿಯಾಟ್, ಆಂಟನ್ ಜೈಲಿಂಗರ್ ಮತ್ತವರ ಸಂಗಡಿಗರು ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಮದ್ದು ಬಾಂಬು ಏನೂ ಇಲ್ಲ, ಚೀಲದ ಜಾಗದಲ್ಲಿ ಬೆಳಕನ್ನು ತಡೆಯುವ ಒಂದು ಪುಟ್ಟ ವಸ್ತು. ಗಂಟೆ ಒಗಟು ಹೇಳಿದ ಪ್ರಕಾರವೇ ಬಾರಿಸಿತು! ಜೈಲಿಂಗರ್ 2022ರಲ್ಲಿ ನೊಬೆಲ್ ಹಂಚಿಕೊಂಡವರು. ಇನ್ನೂ ಹೆಚ್ಚಿನ ತಮಾಷೆ ಎಂದರೆ, ಚೀಲಗಳನ್ನು ಹೆಚ್ಚು ಹೆಚ್ಚು ಉಳಿಸುವ ಯುಕ್ತಿಯನ್ನೂ ಅದೇ ತಂಡ ಸೂಚಿಸಿತು. ಆ ಯುಕ್ತಿಯ ಬೇರು ನಮ್ಮ ಕಡೆಗೇ ಚಾಚಿದೆ.

ಹಾಲು ಕಾಯಿಸಿದವರಿಗೆಲ್ಲ ಗೊತ್ತು. ಕಣ್ಣಿಟ್ಟು ನಿಂತರೆ ಉಕ್ಕುವುದಿಲ್ಲ. ಬಾಗಿಲಲ್ಲಿ ಯಾರೋ ಕರೆದರೆಂದು ಹೊರಳಿದಿರೋ, ಸುಂಯ್! ಒಲೆಯ ಮೇಲಿನ ಹಾಲಿನ ಮಟ್ಟಿಗೆ ಇದು ಬರೀ ನಮ್ಮ ದುರದೃಷ್ಟ. ಕ್ವಾಂಟಂ ಲೋಕದಲ್ಲಿ ಇದು ನಿಯಮ! ಪದೇ ಪದೇ ನೋಡುತ್ತಿದ್ದರೆ ಕಣ ಇದ್ದ ಸ್ಥಿತಿಯಿಂದ ಕದಲುವುದೇ ಇಲ್ಲ. 1977ರಲ್ಲಿ ಇದನ್ನು ಗಣಿತದಲ್ಲಿ ಕಟ್ಟಿಕೊಟ್ಟು, ಗ್ರೀಕ್ ತತ್ವಜ್ಞಾನಿ ಜೀನೋನ ಹೆಸರಿಟ್ಟವರು ಬೈದ್ಯನಾಥ ಮಿಶ್ರಾ ಮತ್ತು ಇ.ಸಿ.ಜಿ. ಸುದರ್ಶನ್. ಸುದರ್ಶನ್ ಕೇರಳದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಕಟ್ಟಿದವರೂ ಅವರೇ.

ಮದ್ದಿನ ಚೀಲಕ್ಕೆ ಇದನ್ನು ಹೂಡುವುದು ಹೇಗೆ? ಬೆಳಕಿನ ಅಲೆ ಅಡ್ಡಡ್ಡ ಕುಣಿಯಬಹುದು, ಉದ್ದುದ್ದ ಕುಣಿಯಬಹುದು. ಅಡ್ಡ ಕುಣಿಯುವ ಕಣವನ್ನು 90 ಡಿಗ್ರಿ ತಿರುಗಿಸಿ ಉದ್ದ ಮಾಡಬೇಕು. ಒಂದೇ ಏಟಿಗಲ್ಲ, ಆರು ಸಲ, ಪ್ರತಿ ಸಲ 15 ಡಿಗ್ರಿ. ಪ್ರತಿ ಸಲವೂ ಅಲೆಯ 'ಉದ್ದ'ದ ಪಾಲಷ್ಟೇ ಚೀಲದ ದಾರಿಗೆ ಇಣುಕಿ ಬರುವಂತೆ ಕನ್ನಡಿ ಜೋಡಿಸಿ. ಹುಸಿ ಚೀಲವಾದರೆ ಆರು ತಿರುವೂ ಕೂಡಿ 90 ಡಿಗ್ರಿ ಪೂರ್ತಿ. ಅಸಲಿಯಾದರೆ ಪ್ರತಿ ಸಲವೂ ಆ ಚೂರು ಪಾಲನ್ನು ಚೀಲ ತಡೆಯುತ್ತದೆ, ಕಣ ಮತ್ತೆ ಅಡ್ಡಕ್ಕೇ ಬಂದು ನಿಲ್ಲುತ್ತದೆ. ಥೇಟ್ ಕಣ್ಣಿಟ್ಟ ಹಾಲು! ಕೊನೆಗೆ ಹೊರಬಂದ ಕಣ ಇನ್ನೂ ಅಡ್ಡ ಕುಣಿಯುತ್ತಿದೆಯೇ? ಚೀಲ ಅಸಲಿ!

ಪ್ರತಿ ಸಲ ಇಣುಕುವ ಪಾಲು ಚಿಕ್ಕದು. ಸಿಡಿಯುವ ಭಯವೂ ಚಿಕ್ಕದು. ಆರು ಹೆಜ್ಜೆಗೆ ನೂರಕ್ಕೆ 66 ಚೀಲ ಉಳಿಯುತ್ತವೆ. ಇಪ್ಪತ್ತು ಹೆಜ್ಜೆಗೆ 88. ನೂರು ಹೆಜ್ಜೆಗೆ?

ಊಹಿಸಿ!

97ಕ್ಕೂ ಹೆಚ್ಚು! ಸಾವಿರ ಹೆಜ್ಜೆ ಇಟ್ಟರೆ 99 ದಾಟುತ್ತದೆ! ಇದು ಕಾಗದದ ಮೇಲಿನ ಲೆಕ್ಕ. ಪ್ರಯೋಗದಲ್ಲಿ ಕನ್ನಡಿಗಳು ಬೆಳಕನ್ನು ಒಂದಿಷ್ಟು ನುಂಗುತ್ತವೆ. ಆದರೂ 1999ರಲ್ಲಿ ಕ್ವಿಯಾಟ್ ತಂಡ ಶೇಕಡಾ 73ರವರೆಗೆ ಮುಟ್ಟಿತು. ಸೊನ್ನೆಯಿಂದ ಹೊರಟು 73!

ಇಷ್ಟಕ್ಕೇ ತಲೆ ತಿರುಗಿತೇ? 2006ರಲ್ಲಿ ಓನುರ್ ಹೋಸ್ಟೆನ್, ಕ್ವಿಯಾಟ್ ಮತ್ತು ಜೊತೆಗಾರರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳಕಿನಿಂದ ನಡೆಯುವ ಪುಟ್ಟ ಕಂಪ್ಯೂಟರನ್ನು ಮೇಜಿನ ಮೇಲೆ ಹೂಡಿದರು. ಅದು ಓಡಲಿಲ್ಲ. ಉತ್ತರ ಬಂತು! ಓಡಿದ್ದರೆ ಏನು ಉತ್ತರ ಕೊಡುತ್ತಿತ್ತೋ ಅದು! ಪರೀಕ್ಷೆಗೆ ಹೋಗದ ಹುಡುಗನ ಅಂಕಪಟ್ಟಿ ಮನೆಗೆ ಬಂದ ಹಾಗೆ! ಇದಕ್ಕೆ ತಕರಾರು ತೆಗೆದವರು ಯಾರು ಗೊತ್ತೇ? ಮೂಲ ಒಗಟು ಕಟ್ಟಿದ ವೈಡ್ಮನ್ನರೇ! ಎಲ್ಲ ಉತ್ತರಗಳನ್ನೂ ಹೀಗೆ ಓಡಿಸದೇ ಪಡೆಯಲು ಸಾಧ್ಯವಿಲ್ಲ ಎಂದು ಅವರು ವಾದಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ.

ಇವೆಲ್ಲ ಹೊರದೇಶದ ಮಾತು ಎನ್ನುತ್ತೀರಾ? ಹಾಗಾದರೆ ನನ್ನ ಕೈಯಲ್ಲಿ ಉಳಿಸಿಕೊಂಡದ್ದನ್ನು ಈಗ ಬಿಡುತ್ತೇನೆ.

ಬೆಂಗಳೂರಿನ ಮೇಖ್ರಿ ವೃತ್ತದ ಹತ್ತಿರ, ಮರಗಳ ನಡುವೆ ರಾಮನ್ ಸಂಶೋಧನಾ ಸಂಸ್ಥೆ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ್ದು. ಅಲ್ಲಿ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯದಲ್ಲಿ ಬೆಳಕಿನ ಕಣಗಳನ್ನು ಒಂದೊಂದಾಗಿ ಬಿಡುತ್ತಾರೆ. ಹರಳಿನ ಮೇಲೆ ಲೇಸರ್ ಬಿಟ್ಟಾಗ ಕಣಗಳು ಅವಳಿ ಅವಳಿಯಾಗಿ ಹುಟ್ಟುತ್ತವೆ. ಒಂದು ಬಂದು "ನನ್ನ ಜೊತೆಯದು ಹೊರಟಿದೆ" ಎಂದು ಡಂಗುರ ಸಾರುತ್ತದೆ, ಇನ್ನೊಂದು ಕನ್ನಡಿಗಳ ದಾರಿ ಹಿಡಿಯುತ್ತದೆ.

ಅವರು ಪರೀಕ್ಷೆಗೆ ಒಡ್ಡಿದ್ದು ಆಂಟನಿ ಲೆಗೆಟ್ ಮತ್ತು ಅನುಪಮ್ ಗರ್ಗ್ 1985ರಲ್ಲಿ ಮುಂದಿಟ್ಟ ಪ್ರಶ್ನೆಯನ್ನು. ಒಂದು ವಸ್ತು ಯಾವ ಗಳಿಗೆಯಲ್ಲೂ ಒಂದಲ್ಲ ಒಂದು ಕಡೆ ಇದ್ದೇ ಇರುತ್ತದೆ, ಅದನ್ನು ಕೆಡಿಸದೆ ನೋಡಲೂ ಬರುತ್ತದೆ ಎಂಬುದು ನಮ್ಮೆಲ್ಲರ ನಿತ್ಯದ ನಂಬಿಕೆ. ಎಮ್ಮೆ ಕೊಟ್ಟಿಗೆಯಲ್ಲಿದೆ, ಇಲ್ಲವೇ ಹೊಲದಲ್ಲಿದೆ. ನಾವು ಇಣುಕಿದೆವೆಂದು ಜಾಗ ಬದಲಿಸುವುದಿಲ್ಲ. ಈ ನಂಬಿಕೆ ನಿಜವಾದರೆ, ಬೇರೆ ಬೇರೆ ಗಳಿಗೆಯ ಅಳತೆಗಳನ್ನು ಒಂದು ಸೂತ್ರದಲ್ಲಿ ಕೂಡಿಸಿದಾಗ ಬರುವ ಸಂಖ್ಯೆ 1ನ್ನು ದಾಟಬಾರದು.

ಆದರೆ ಕೆಡಿಸದೆ ನೋಡುವುದು ಹೇಗೆ? ಕೇಳಿ, ಇಲ್ಲಿದೆ ಸೊಗಸು! ಒಂದು ದಾರಿಯಲ್ಲಿ ಮಾತ್ರ ಕಾವಲು ಇಟ್ಟರು. ಕಾವಲಿಗೆ ಸಿಕ್ಕಿಬಿದ್ದ ಕಣಗಳ ಲೆಕ್ಕವನ್ನು ಪಕ್ಕಕ್ಕಿಟ್ಟರು. ಸಿಗದ ಕಣಗಳ ಲೆಕ್ಕ ಮಾತ್ರ ಹಿಡಿದರು! ಇಲ್ಲಿ ಸಿಗಲಿಲ್ಲ, ಹಾಗಾದರೆ ಅಲ್ಲಿತ್ತು, ಅಲ್ಲಿ ಅದನ್ನು ಯಾರೂ ಮುಟ್ಟಿಲ್ಲ. ಮೌನವೇ ಸಾಕ್ಷಿ! ನಮ್ಮ ಮದ್ದಿನ ಕೋಣೆಯ ಯುಕ್ತಿಗೆ ಇದು ಖಾಸಾ ತಂಗಿ.

2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೋಲ್ಕತ್ತದ ಬೋಸ್ ಸಂಸ್ಥೆಯ ದೀಪಂಕರ್ ಹೋಮ್ ಅವರೂ ಅದರಲ್ಲಿ ಪಾಲುದಾರರು. ಹಿಂದಿನ ಪ್ರಯೋಗಗಳಲ್ಲಿ "ಇಲ್ಲೊಂದು ಸಂದು ಬಿಟ್ಟಿದ್ದೀರಿ" ಎಂದು ಬೆರಳು ತೋರಿಸಲು ಜಾಗ ಇತ್ತಲ್ಲ, ಆ ಸಂದುಗಳನ್ನು ಒಂದೊಂದಾಗಿ ಮುಚ್ಚಿ ಮಾಡಿದ ಕೆಲಸ ಇದು. ಸಂಖ್ಯೆ ಎಷ್ಟು ಬಂತು? 1ನ್ನು ದಾಟಿತೇ?

1.32!

ಅಳತೆಯ ತಪ್ಪು 0.04ರ ಆಸುಪಾಸು. ಗಡಿ ದಾಟಿದ್ದು ಅದರ ಎಂಟು ಪಟ್ಟು! ಎಮ್ಮೆಗೆ ಒಪ್ಪುವ ನಿಯಮ ಬೆಳಕಿನ ಕಣಕ್ಕೆ ಒಪ್ಪಲಿಲ್ಲ. ಮೇಖ್ರಿ ವೃತ್ತದಲ್ಲಿ ಹಾರ್ನ್ ಹೊಡೆಯುತ್ತ ನಿಂತ ಸಾವಿರಾರು ಜನರ ಪಕ್ಕದಲ್ಲೇ ಇದು ನಡೆದುಹೋಯಿತು!

ಈಗ ನನ್ನನ್ನು ರಾತ್ರಿಯಿಡೀ ಕಾಡುವ ಪ್ರಶ್ನೆ. ಎಡಗಂಟೆ ಬಾರಿಸಿತಲ್ಲ, ಆ ಸುದ್ದಿ ತಂದವರು ಯಾರು?

ವೈಡ್ಮನ್ ಹೇಳುವ ಉತ್ತರ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವರು ಬಹುಲೋಕವಾದಿ. ಅಮೆರಿಕದ ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ ವಾದ ಅದು. ಕಣ ಕ್ರಾಸಿನಲ್ಲಿ ನಿಂತಾಗ ಲೋಕವೇ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಚೀಲ ಸಿಡಿದು ಕೋಣೆ ಹಾರಿಹೋಗಿದೆ. ಇನ್ನೊಂದರಲ್ಲಿ ನೀವು ಚೀಲ ಹೊತ್ತು ಬುರುಜಿನ ಮೆಟ್ಟಿಲು ಹತ್ತುತ್ತಿದ್ದೀರಿ. ಈ ಲೋಕದ ಗಂಟೆ ಬಾರಿಸಿದ್ದು ಆ ಲೋಕದ ಸ್ಫೋಟದಿಂದಲೇ!

ನಾನು ಪೂರ್ತಿ ಒಪ್ಪಿಲ್ಲ. ಇನ್ನೊಂದು ಲೋಕವನ್ನು ಕರೆತರದೆ, ಬರೀ ಅಲೆಯ ಗಣಿತದಿಂದಲೇ ಎಲ್ಲ ಸಂಖ್ಯೆಗಳೂ ಸರಿ ಬರುತ್ತವೆ ಎನ್ನುವ ಭೌತವಿಜ್ಞಾನಿಗಳ ಕಡೆ ನನ್ನ ಓಟು. ಆದರೆ ಎರಡು ಪಕ್ಷದವರೂ ಒಪ್ಪುವ ಮಾತೊಂದಿದೆ. ಆ ಗಂಟೆಯ ಸದ್ದು ನಿಜ! ಅದನ್ನು ಎಣಿಸಬಹುದು, ಬರೆದಿಡಬಹುದು, ಬೇರೆ ಊರಿನ ಪ್ರಯೋಗಾಲಯದಲ್ಲಿ ಮತ್ತೆ ಬಾರಿಸಬಹುದು.

ಕಟ್ಟೆಯ ಮೇಲಿನ "ಹಂಗಾಗಿದ್ರ"ಗೂ ಇದಕ್ಕೂ ಇರುವ ದೂರ ಇದೇ ನೋಡಿ. ಮದ್ದಿಗೆ ಸಗಣಿ ಬೀಳದಿದ್ದರೆ ಕಿತ್ತೂರು ಗೆಲ್ಲುತ್ತಿತ್ತೇ? ನಮ್ಮಲ್ಲಿ ಇದರ ಮೇಲೆ ನಾಲ್ಕು ಕಪ್ ಚಹಾ ಮುಗಿಯುವಷ್ಟು ವಾದ ನಡೆಯುತ್ತದೆ. ಅದಕ್ಕೆ ಅರೆಗನ್ನಡಿ ಇಲ್ಲ, ಎಡಗಂಟೆ ಇಲ್ಲ. ಅಷ್ಟು ದೊಡ್ಡ ಕೋಟೆ, ಅಷ್ಟು ಜನ, ಕುದುರೆ, ತೋಪುಗಳ ಎರಡು ಕವಲಿನ ಅಲೆಗಳನ್ನು ಮತ್ತೆ ಕೂಡಿಸಲು ಯಾರಿಂದಲೂ ಆಗದು. ಬೆಳಕಿನ ಕಣದಂಥ ಅತಿ ಚಿಕ್ಕ ವಸ್ತುಗಳಿಗೆ ಮಾತ್ರ ಸದ್ಯ ಆ ಭಾಗ್ಯ.

ಸಂಜೆ ಅದೇ ಹುಡುಗ ಮತ್ತೆ ಸಿಕ್ಕ. ಎಲ್ಲವನ್ನೂ ಹೇಳಿದೆ. ಕನ್ನಡಿ, ಕ್ರಾಸು, ಗಂಟೆ, ಸುಂಯ್ ಎನ್ನುವ ಹಾಲು. ಬಾಯಿ ತೆರೆದು ಕೇಳಿದ. ಎಡಗಂಟೆ ಬಾರಿಸಿದಾಗ "ಅಬಬಬಾ!" ಎಂದ. ಆಮೇಲೆ ಉಡಿ ಬಿಚ್ಚಿ ತೋರಿಸಿದ.

"ಅದೆಲ್ಲ ಖರೆ ಕಾಕಾ. ಈ ಹನ್ನೊಂದಕ್ಕ ಏನ್ ಮಾಡೂನು?"

ಬಕೆಟ್ಟಿಗೆ ನೀರು ತುಂಬಿಸಿದೆವು, ಹನ್ನೊಂದನ್ನೂ ಅದರಲ್ಲಿ ಮುಳುಗಿಸಿದೆವು. ನಿಮ್ಮ ಓಣಿಯಲ್ಲೂ ಠುಸ್ಸಾದ ಪಟಾಕಿ ಆರಿಸುವ ಮಕ್ಕಳಿದ್ದರೆ ಮೊದಲು ಆ ಬಕೆಟ್ ತೋರಿಸಿ. ಒಗಟನ್ನು ಆಮೇಲೆ ಹೇಳಿ.